ಇನ್ಮೇಲೆ ಪ್ರತಿ ವಾಯಿದೆಗೂ ಒಂದು ಚೀಟಿ: ನಮ್ಮ ಕಕ್ಷಿದಾರರಿಗೆ ಪತ್ರ

ಆತ್ಮೀಯರೇ, ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ತುಮಕೂರು ಕಚೇರಿಯಲ್ಲಿ ಬಾಯಿಮಾತಿನ ವ್ಯವಹಾರ ನಿಲ್ಲುತ್ತದೆ. ಪ್ರತಿ ವಾಯಿದೆ ಮುಗಿದ ಮೇಲೆ ನಿಮಗೊಂದು ಚೀಟಿ ಕೊಡುತ್ತೇವೆ. ಕೇಸಿನ ಸಿಎನ್ಆರ್ ನಂಬರು (ಪ್ರತಿ ಕೇಸಿಗೂ ಕೋರ್ಟು ಕೊಡುವ ಗುರುತಿನ ಸಂಖ್ಯೆ), ಅವತ್ತು ಕೋರ್ಟಿನಲ್ಲಿ ಏನಾಯಿತು, ಮುಂದಿನ ತಾರೀಖು ಯಾವುದು, ಇಷ್ಟು ಅದರಲ್ಲಿರುತ್ತದೆ. ಬರಲಾಗದವರಿಗೆ ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತೇವೆ. ಫೀಸು ಎಷ್ಟು, ಯಾವ ಕೆಲಸಕ್ಕೆ ಅನ್ನುವುದನ್ನು ಮೊದಲೇ ಬರೆದು ಇಬ್ಬರೂ ಸಹಿ ಹಾಕೋಣ. ಕೊಟ್ಟ ಹಣಕ್ಕೆ ನೀವು ಕೇಳದೆಯೇ ರಸೀದಿ ಸಿಗುತ್ತದೆ.

ಇದು ಯಾಕೆ ಅಂತ ಹೇಳಬೇಕಲ್ವಾ? ವಕೀಲರ ಮೇಲೆ ಗ್ರಾಹಕರ ಕೋರ್ಟಿಗೆ ಹೋಗಬಹುದು ಅಂತ 2007ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. 2024ರ ಮೇ 14ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಆಗಿನಿಂದ ಗುಬ್ಬಿ, ಶಿರಾ ಕಡೆಯಿಂದ ಬರುವವರದ್ದು ಒಂದೇ ಪ್ರಶ್ನೆ: "ಹಾಗಾದ್ರೆ ಲಾಯರ್ ಏನು ಮಾಡಿದ್ರೂ ಕೇಳೋರೇ ಇಲ್ವಾ ಸಾರ್?"

ಇದ್ದಾರೆ. ವಕೀಲರ ನಿರ್ಲಕ್ಷ್ಯದಿಂದ ನಷ್ಟವಾದರೆ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಬಹುದು. ವಕೀಲರ ಫೀಸಿನ ಬಗ್ಗೆ 1926ರ ಒಂದು ಕಾಯ್ದೆಯಿದೆ, ಅದರ 5ನೇ ಕಲಂ ಇದನ್ನೇ ಹೇಳುತ್ತದೆ. ನಮ್ಮ ರಾಜ್ಯದಿಂದ ಹೋದ ಒಂದು ಕೇಸಿನಲ್ಲಿ 1988ರಲ್ಲಿ ಸುಪ್ರೀಂ ಕೋರ್ಟೂ ಇದನ್ನು ಒಪ್ಪಿದೆ.

ಆದರೆ ಕೇಸು ಸೋತ ಮಾತ್ರಕ್ಕೆ ಅದು ನಿರ್ಲಕ್ಷ್ಯವಲ್ಲ. ಎದುರು ಕಡೆಯ ಕಾಗದಪತ್ರ ಗಟ್ಟಿಯಿದ್ದರೆ ಯಾರು ವಾದ ಮಾಡಿದರೂ ಸೋಲೇ. ಪಾಲಿನ ದಾವೆಯೊಂದನ್ನು ತಗೊಳ್ಳಿ. ಕೆಳಗಿನ ಕೋರ್ಟಿನ ಡಿಕ್ರಿ ನಿಮ್ಮ ವಿರುದ್ಧ ಬಂತು. ಜಿಲ್ಲಾ ಕೋರ್ಟಿಗೆ ಅಪೀಲು ಹಾಕಲು 30 ದಿನ, ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳು ಅದಕ್ಕೆ ಸೇರುವುದಿಲ್ಲ. ನೀವು ಹೇಳಿದಿರಿ, ದುಡ್ಡೂ ಕೊಟ್ಟಿರಿ, ವಕೀಲರು ಸುಮ್ನೆ ಕೂತರು. ತಡ ಮನ್ನಿಸಿ ಅಂತ ಅರ್ಜಿ ಹಾಕಿದ್ದೂ ವಜಾ ಆಯಿತು. ಆಗ ದಾವೆಗೆ ಕಾರಣವಿದೆ. ಆದರೂ ನೀವು ಮೂರು ಸಂಗತಿ ತೋರಿಸಬೇಕು: ನೀವು ಸಕಾಲಕ್ಕೆ ಹೇಳಿದ್ದು, ಅವರು ಮಾಡದೆ ಬಿಟ್ಟಿದ್ದು, ಅಪೀಲು ಹಾಕಿದ್ದರೆ ನೀವು ಗೆಲ್ಲುತ್ತಿದ್ದದ್ದು. ಮೂರನೆಯದಕ್ಕೆ ಹಳೇ ಕೇಸನ್ನೇ ಮತ್ತೆ ನಡೆಸಿದಷ್ಟು ಕಷ್ಟ. ಮೊದಲನೆಯದು ಸುಲಭ ಅನ್ನಿಸುತ್ತದೆ, ಆದರೆ ಜಾಸ್ತಿ ಜನ ಮುಗ್ಗರಿಸುವುದು ಅಲ್ಲೇ. ಫೋನಿನಲ್ಲಿ ಹೇಳಿದ್ದೆ ಅಂದರೆ ಯಾರು ನಂಬುತ್ತಾರೆ? ಅದಕ್ಕೇ ಅಪೀಲು ಬೇಕೋ ಬೇಡವೋ, ರಾಜಿಗೆ ಒಪ್ಪಿಗೆಯೋ ಅನ್ನುವುದನ್ನೆಲ್ಲ ಇನ್ಮೇಲೆ ನಿಮ್ಮ ಸಹಿಯೊಂದಿಗೆ ಬರೆಸಿಕೊಳ್ಳುತ್ತೇವೆ. ಒಂದು ಪ್ರತಿ ನಿಮಗೆ. ಇದರಿಂದ ನಮಗೂ ರಕ್ಷಣೆಯಿದೆ, ಅದನ್ನೇನೂ ಮುಚ್ಚಿಡುವುದಿಲ್ಲ.

ದುಡ್ಡು ತಗೊಂಡು ನಾಪತ್ತೆಯಾಗುವುದು, ಎದುರು ಕಡೆಯವರ ಜೊತೆ ಒಳಗೊಳಗೇ ರಾಜಿಯಾಗುವುದು, ಇಂಥವಕ್ಕೆ ಬೆಂಗಳೂರಿನಲ್ಲಿರುವ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. 1961ರ ವಕೀಲರ ಕಾಯ್ದೆಯ 35ನೇ ಕಲಂ ಪ್ರಕಾರ ಅವರು ಛೀಮಾರಿ ಹಾಕಬಹುದು, ಸನದು (ವಕೀಲಿಕೆ ಮಾಡುವ ಪರವಾನಗಿ) ಅಮಾನತು ಮಾಡಬಹುದು, ಹೆಸರನ್ನೇ ತೆಗೆದುಹಾಕಬಹುದು. ಆಗಿರುವ ನಷ್ಟಕ್ಕೆ ಪರಿಹಾರ ಬೇಕಾದರೆ ಮಾತ್ರ ಸಿವಿಲ್ ಕೋರ್ಟಿಗೇ ಹೋಗಬೇಕು.

ಫೀಸು ಬಾಕಿಯಿದೆ ಅಂತ ವಕೀಲರು ಫೈಲು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ, 2000ದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮಲ್ಲೂ ಬಾಕಿ ಬೇರೆ, ಫೈಲು ಬೇರೆ. ಹಾಗೇ "ಗೆದ್ದರೆ ಇಷ್ಟು ಪರ್ಸೆಂಟ್ ಕೊಡ್ತೀನಿ" ಅಂತ ದಯವಿಟ್ಟು ಹೇಳಬೇಡಿ. ಅದು ನಿಯಮಕ್ಕೆ ವಿರುದ್ಧ.

ಮುಂದಿನ ಸಲ ಬಂದಾಗ ನಮ್ಮಲ್ಲಿರುವ ಮೂಲ ಕ್ರಯಪತ್ರಗಳನ್ನು ವಾಪಸ್ ತಗೊಂಡು ಹೋಗಿ, ನಮಗೆ ಜೆರಾಕ್ಸ್ ಸಾಕು. ಕೋರ್ಟಿಗೆ ಹಾಜರುಪಡಿಸಿರುವ ಪತ್ರಗಳಿಗೆ ರಸೀದಿ ಕೊಡುತ್ತೇವೆ. ಮೊಬೈಲ್ ನಂಬರ್ ಬದಲಾಗಿದ್ದರೆ ಗುಮಾಸ್ತರಿಗೆ ತಿಳಿಸಿ. ಹಗಲು ನಾವು ಕೋರ್ಟಿನಲ್ಲಿರುತ್ತೇವೆ, ಸಂಜೆ ಐದರ ಮೇಲೆ ಬಂದರೆ ಕೂತು ಮಾತಾಡಬಹುದು.

ಇಂತಿ,
ನಿಮ್ಮ ವಕೀಲರು, ತುಮಕೂರು