ಅವ್ವಾ, ಒಂದೇ ಪೆಟ್ಟಿಗೆ ಸಾಕು

ವೂಸ್ಟರ್, ಮೆಸಚೂಸೆಟ್ಸ್
ಭಾನುವಾರ ರಾತ್ರಿ

ಅವ್ವಾ,

ಶರಣು. ಫೋನಿನಲ್ಲಿ ಹೇಳಹೋದರೆ ನಡುವೆಯೇ "ಅದಿರ್ಲಿ, ಉಂಡೀಯೇನು?" ಅಂತೀ. ಅದಕ್ಕೇ ಕಾಗದ.

ಜೂನ್‌ನಲ್ಲಿ ಬರುವಾಗ 23 ಕಿಲೋದ ಎರಡು ಪೆಟ್ಟಿಗೆ ತುಂಬಿಸಬೇಡ. ಸ್ಟೀಲ್ ಡಬ್ಬಿ, ಹಿತ್ತಾಳೆ ದೀಪದ ಸಮೆ, ನನಗಂತ ತೆಗೆದಿಟ್ಟ ಇಳಕಲ್ ಸೀರೆ, ಯಾವುದೂ ಬೇಡ. ಸಿಟ್ಟಾಗುವ ಮೊದಲು ಪೂರ್ತಿ ಓದು.

ಹೋದ ತಿಂಗಳು ಪಿಟ್ಸ್‌ಫೀಲ್ಡ್ ಹತ್ತಿರ ಹ್ಯಾನ್‌ಕಾಕ್‌ಗೆ ಹೋಗಿದ್ದೆವು. ಶೇಕರ್ ಎಂಬ ಕ್ರೈಸ್ತ ಪಂಥದವರು ಬಾಳಿದ ಊರದು. 1960ರಲ್ಲಿ ಅವರ ಸಮುದಾಯ ಅಲ್ಲಿ ಮುಗಿಯಿತು, ಈಗ ಮ್ಯೂಸಿಯಂ. ಮದುವೆ ಇಲ್ಲ, ಸ್ವಂತ ಆಸ್ತಿ ಇಲ್ಲ, ದುಡಿದದ್ದೆಲ್ಲ ಎಲ್ಲರದು. 1774ರಲ್ಲಿ ಇಂಗ್ಲೆಂಡಿನಿಂದ ಬಂದ ಆ್ಯನ್ ಲೀ ಅವರ ಗುರುತಾಯಿ. ಮ್ಯಾಂಚೆಸ್ಟರಿನ ಕಮ್ಮಾರನ ಮಗಳು, ಅಕ್ಷರ ಬಾರದವಳು. ಕೈ ಕೆಲಸಕ್ಕೆ, ಹೃದಯ ದೇವರಿಗೆ ಅನ್ನುವುದು ಅವರ ಮಾತು. ಕಾಯಕ ಅಂತ ನೀನು ಹೇಳುವುದೂ ಅದೇ ಅಲ್ಲವೇ? ಹಾಗಂತ ಹಳೇ ಕಾಲಕ್ಕೆ ಅಂಟಿಕೊಂಡವರಲ್ಲ. 1826ರಲ್ಲಿ ಕಟ್ಟಿದ ದುಂಡನೆಯ ಕಲ್ಲಿನ ಕೊಟ್ಟಿಗೆಯಿದೆ. ನಡುವೆ ನಿಂತ ಒಬ್ಬನೇ ಐವತ್ತು ಹಸುಗಳಿಗೆ ಮೇವು ಹಾಕಬಹುದಂತೆ. ಅಪ್ಪ ನೋಡಬೇಕಿತ್ತು.

ಕೋಣೆಗಳ ಗೋಡೆಗೆ ಸುತ್ತಲೂ ಮರದ ಗೂಟ. ಕಸ ಹೊಡೆಯುವಾಗ ಕುರ್ಚಿಯನ್ನೇ ಎತ್ತಿ ಗೂಟಕ್ಕೆ ತೂಗುಹಾಕುತ್ತಿದ್ದರು. ನನಗೆ ಅಜ್ಜಿಯ ಪಡಸಾಲೆ ಕಣ್ಣ ಮುಂದೆ ಬಂತು: ಒಂದು ಗೂಟಕ್ಕೆ ಅಜ್ಜನ ರುಮಾಲು, ಇನ್ನೊಂದಕ್ಕೆ ಬಾರುಕೋಲು. ಆದರೆ ಅಜ್ಜಿಯ ಬಳಿ ಒಂದೇ ಟ್ರಂಕು ಇದ್ದದ್ದು ವೈರಾಗ್ಯದಿಂದಲ್ಲ, ಇಲ್ಲದ್ದರಿಂದ. ಅದನ್ನು ಸರಳ ಜೀವನ ಅಂತ ಹೊಗಳಿದ್ದರೆ ನನ್ನ ನೆತ್ತಿಗೆ ಮೊಟಕುತ್ತಿದ್ದಳು.

ನಗಬೇಡ, ಅಂಥದೇ ಗೂಟದ ಹಲಗೆ ಕೊಳ್ಳಲು ಆ ರಾತ್ರಿಯೇ ಅಂಗಡಿ ಹುಡುಕತೊಡಗಿದೆ! ಇವರು ಜೋರಾಗಿ ನಕ್ಕಮೇಲೆ ಎಚ್ಚರವಾಯಿತು. ಶೇಕರರ ಹಳೇ ಕುರ್ಚಿಗಳನ್ನೂ ಈಗ ಸಿರಿವಂತರು ಭಾರೀ ಬೆಲೆಗೆ ಕೊಳ್ಳುತ್ತಾರೆ.

ಮನೆಯಲ್ಲಿ ಹಿಡಿಸದ್ದನ್ನು ಇಡಲು ನಾವೊಂದು ಗೋದಾಮು ಹಿಡಿದಿದ್ದೆವು. ತಿಂಗಳಿಗೆ 90 ಡಾಲರ್, ಮೂರು ವರ್ಷ. ಲೆಕ್ಕ ಮಾಡಿದರೆ 3,240. ಒಳಗಿದ್ದ ಸಾಮಾನು ಅಷ್ಟು ಬಾಳುತ್ತಿರಲಿಲ್ಲ. ಮರುವಾರ ಖಾಲಿ ಮಾಡಲು ಹೋದೆವು. ಡಬ್ಬಿಯನ್ನೇ ಒಡೆಯದ ಮಿಕ್ಸರ್, ಎರಡು ಟೋಸ್ಟರ್, ಓಡದ ಟ್ರೆಡ್‌ಮಿಲ್. ಅವುಗಳ ಕೆಳಗೆ ಬೂಟಿನ ಡಬ್ಬಿ, ಅದರಲ್ಲಿ ಇಷ್ಟಲಿಂಗದ ಕರಡಿಗೆ.

ಹೌದವ್ವಾ. ನಾನು ವಿಮಾನ ಹತ್ತುವ ದಿನ ನೀನು ಕೊರಳಿಗೆ ಕಟ್ಟಿದ್ದು. ಪ್ರತಿಸಲ "ಪೂಜಿ ಮಾಡ್ತೀಯಿಲ್ಲೋ?" ಅಂದಾಗ ಹ್ಞೂಂ ಅಂದದ್ದು ಸುಳ್ಳು. ಮನೆ ಬದಲಿಸುವಾಗ ಎಲ್ಲೋ ಸೇರಿತು, ಹುಡುಕಲೇ ಇಲ್ಲ. ಅಲ್ಲೇ ಕಾಂಕ್ರೀಟ್ ನೆಲದ ಮೇಲೆ ಕೂತುಬಿಟ್ಟೆ.

ಗಂಡ ಮಾರಯ್ಯ ಹೆಚ್ಚು ಅಕ್ಕಿ ಆಯ್ದು ತಂದನೆಂದು ಶರಣೆ ಆಯ್ದಕ್ಕಿ ಲಕ್ಕಮ್ಮ ಅದನ್ನು ಕಲ್ಯಾಣದ ಅಂಗಳಕ್ಕೇ ಮರಳಿ ಸುರಿದು ಬರಲು ಹೇಳಿದ ಕಥೆ ನೀನು ನೂರು ಸಲ ಹೇಳಿರಬೇಕು. ನಾನು ಮಾರಯ್ಯನ ಬಗ್ಗೆ ಮರುಗುತ್ತಿದ್ದೆ, ಪಾಪ, ಹೊತ್ತು ತಂದದ್ದೆಲ್ಲ ವ್ಯರ್ಥವಾಯಿತಲ್ಲ ಅಂತ.

ಗೋದಾಮಿನ ಕೀಲಿ ವಾಪಸ್ ಕೊಟ್ಟಾಯಿತು. ಬೆಳಿಗ್ಗೆ ಹತ್ತು ನಿಮಿಷ ಕೂರುತ್ತೇನೆ. ಮನಸ್ಸು ನಿಲ್ಲುವುದಿಲ್ಲ, ಅರ್ಧ ಹೊತ್ತು ಆಫೀಸಿನದೇ ಧ್ಯಾನ. ಆದರೂ ಕೂರುತ್ತೇನೆ.

ತರಬೇಕಾದದ್ದು ಮೂರೇ: ವಿಭೂತಿ ಗಟ್ಟಿ, ಶೇಂಗಾ ಚಟ್ನಿಪುಡಿ, ಅಜ್ಜಿ ಹೊಲಿದ ಕೌದಿ. ಕರಡಿಗೆಯ ದಾರ ಹಳೆಯದಾಗಿದೆ. ಕೈಚೀಲದಲ್ಲಿ ಜಾಗ ಉಳಿದರೆ ಅದೂ ಒಂದು.

ನಿನ್ನ ಮಗಳು