ಯುದ್ಧಕಾಲದ ಪಾತಿ ಲೆಕ್ಕ: ಅಲಾಟ್‌ಮೆಂಟ್ (ತರಕಾರಿ ಬೆಳೆಯಲು ಬಾಡಿಗೆಗೆ ಪಡೆದ ತುಂಡು ಜಾಗ) ಇರುವವರ ಗಮನಕ್ಕೆ

ನಮಸ್ಕಾರ. ಎರಡನೇ ಮಹಾಯುದ್ಧದಲ್ಲಿ ಜನರೇ ತರಕಾರಿ ಬೆಳೆದುಕೊಳ್ಳಲಿ ಎಂದು ಬ್ರಿಟನ್ನಿನಲ್ಲಿ 1939ರಲ್ಲಿ ಶುರುವಾದ 'ಡಿಗ್ ಫಾರ್ ವಿಕ್ಟರಿ' (ಗೆಲುವಿಗಾಗಿ ಅಗೆಯಿರಿ) ಯೋಜನೆಯ ಲೆಕ್ಕ 90 ಅಡಿ ಉದ್ದ, 30 ಅಡಿ ಅಗಲದ ಜಾಗಕ್ಕೆ. ನಮ್ಮ ಜಾಗ ಚಿಕ್ಕದಾದರೂ ಮೂರು ಪಾಲು ಮಾಡೋಣ: ಆಲೂಗಡ್ಡೆ-ಗೆಡ್ಡೆಗಳು, ಕೋಸಿನ ಜಾತಿ, ಬಟಾಣಿ-ಬೀನ್ಸ್-ಈರುಳ್ಳಿ. ಪ್ರತಿವರ್ಷ ಪಾಲು ಬದಲಿಸಿ. ಕೋಸನ್ನು ಅಲ್ಲೇ ಮತ್ತೆ ನೆಟ್ಟರೆ ಬೇರು ಗಂಟುಕಟ್ಟಿ ಗಿಡ ಸೊರಗುತ್ತದೆ, ಆ ರೋಗ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಕೋಸಿನ ಪಾಲಿಗೆ ಚಳಿಗಾಲದಲ್ಲೇ ಸುಣ್ಣ ಹಾಕಿ. ಆಲೂಗಡ್ಡೆಗೆ ಖಂಡಿತ ಬೇಡ, ಸಿಪ್ಪೆಗೆ ಕಜ್ಜಿ ಹತ್ತುತ್ತದೆ.

ಆಗಲೂ ಈಗಲೂ ದೊಡ್ಡ ತಪ್ಪೆಂದರೆ ವಸಂತದಲ್ಲಿ ಎಲ್ಲವನ್ನೂ ಒಟ್ಟಿಗೆ ಬಿತ್ತುವುದು. ಜುಲೈಯಲ್ಲಿ ಲೆಟ್ಯೂಸ್ ಹಂಚಿ ಮುಗಿಯುವುದಿಲ್ಲ, ಫೆಬ್ರವರಿಯಲ್ಲಿ ಪಾತಿ ಖಾಲಿ. ಲೆಟ್ಯೂಸನ್ನು ಎರಡು ವಾರಕ್ಕೊಂದು ಗಿಡ್ಡ ಸಾಲಿನಂತೆ ಬಿತ್ತಿ. ಚಳಿ ತಾಳುವ ಕೋಸಿನ ಜಾತಿಯ ಸೊಪ್ಪಾದ ಕೇಲ್‌ನ ಬೀಜ ಮೇ ತಿಂಗಳಲ್ಲಿ ಸಸಿಮಡಿಗೆ ಬೀಳಲಿ. ಬೇಗ ಬೆಳೆಯುವ ತಳಿಯ ಆಲೂಗಡ್ಡೆ ಕಿತ್ತ ಜಾಗಕ್ಕೆ ಜುಲೈಯಲ್ಲಿ ಆ ಸಸಿ ನೆಡಿ, ನಡುವೆ ಒಂದೂವರೆ ಅಡಿ.