ಅಜ್ಜನ ನಾರ್ವೇಜಿಯನ್ ಬೇರೆ, ಮಗುವಿನ ನಾರ್ವೇಜಿಯನ್ ಬೇರೆ

ಮೈಸೂರು

ಚಿ. ಸೌ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನಿನ್ನ ಕಾಗದ ಓದಿದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೆಸ್ಟ್‌ಬಿಯಲ್ಲಿರುವ ನಿನ್ನ ಗಂಡನ ಅಜ್ಜ ಇವತ್ತಿಗೂ ನಾರ್ವೇಜಿಯನ್ ಮಾತಾಡಬಲ್ಲರು, ನಿನ್ನ ಗಂಡನಿಗೆ ಊಟದ ಪ್ರಾರ್ಥನೆ ಮತ್ತು ನಾಲ್ಕಾರು ಬೈಗುಳ ಬಿಟ್ಟರೆ ಏನೂ ಬರದು, ಆರು ವರ್ಷದ ಮಗನಿಗೆ ಕಲಿಸಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀಯ. ಮೊದಲೇ ಹೇಳಿಬಿಡುತ್ತೇನೆ: ನಿನ್ನ ಮುಂದಿರುವುದು ಎರಡು ಕೆಲಸ, ಒಂದಲ್ಲ. ಅಜ್ಜನ ಮಾತನ್ನು ಹಿಡಿದಿಡುವುದು ಒಂದು, ಮಗುವಿಗೆ ಭಾಷೆ ಕಲಿಸುವುದು ಇನ್ನೊಂದು. ಎರಡನ್ನೂ ಒಂದೇ ಎಂದುಕೊಂಡ ಮನೆಗಳಲ್ಲಿ ಎರಡೂ ಕೆಡುತ್ತವೆ. ಅಜ್ಜನಿಗೆ ಈ ವಯಸ್ಸಿನಲ್ಲಿ ಮೇಷ್ಟ್ರ ಕೆಲಸ ಬೀಳುತ್ತದೆ, ಮಗುವಿಗೆ ಅಜ್ಜನ ಮಾತೂ ಪುಸ್ತಕದ ಮಾತೂ ಹೊಂದದೆ ಬೇಸರ ಬರುತ್ತದೆ.

ಕಾರಣ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. 1825ರ ಜುಲೈನಲ್ಲಿ ಸ್ಟಾವಾಂಗರ್ ಬಂದರಿನಿಂದ ರೆಸ್ಟೊರಾಸ್ಯೊನ್ ಎಂಬ ಪುಟ್ಟ ಹಡಗು 52 ಜನರನ್ನು ಹೊತ್ತು ಹೊರಟಿತು. ಅಲ್ಲಿಂದ ನೂರು ವರ್ಷಗಳಲ್ಲಿ ಸುಮಾರು ಎಂಟು ಲಕ್ಷ ಮಂದಿ ನಾರ್ವೆ ಬಿಟ್ಟು ಉತ್ತರ ಅಮೆರಿಕ ಸೇರಿದರು. ಒಂದೇ ಕಣಿವೆಯವರು ಒಂದೇ ಕಡೆ ಹೊಲ ಹಿಡಿದದ್ದರಿಂದ ಊರಿನ ಆಡುಮಾತೇ ಗಟ್ಟಿಯಾಗಿ ಉಳಿಯಿತು. ವೆಸ್ಟ್‌ಬಿ, ಅದರ ಪಕ್ಕದ ಕೂನ್ ವ್ಯಾಲಿಗಳ ಮಾತಿನಲ್ಲಿ ನಾರ್ವೆಯ ಗುಡ್‌ಬ್ರಾನ್ಸ್‌ಡಾಲ್ ಕಣಿವೆಯ ಕಡೆಯ ಧಾಟಿ ಇಂದಿಗೂ ಕೇಳುತ್ತದೆ. ಆದರೆ ಚರ್ಚಿನಲ್ಲಿ, ಪತ್ರಿಕೆಯಲ್ಲಿ ಇದ್ದದ್ದು ಆ ಮಾತಲ್ಲ, ಡೇನಿಶ್ ಛಾಯೆಯ ಗ್ರಂಥಭಾಷೆ. ಮನೆಯ ಮಾತನ್ನು ಯಾರೂ ಬರೆಯಲಿಲ್ಲ, ಯಾವ ಶಾಲೆಯೂ ಕಲಿಸಲಿಲ್ಲ. ಹಾಗಾಗಿ ಅಜ್ಜ ‘ನನ್ನದು ಸರಿಯಾದ ನಾರ್ವೇಜಿಯನ್ ಅಲ್ಲ’ ಎಂದರೆ ಅದನ್ನು ಬರೀ ಸಂಕೋಚ ಎಂದುಕೊಳ್ಳಬೇಡ. ಅವರ ತಲೆಮಾರಿಗೆ ಹಾಗೆಂದೇ ಹೇಳಿ ಬೆಳೆಸಿದ್ದರು. ಅವರಲ್ಲಿ ಹೆಚ್ಚಿನವರಿಗೆ ಓದುಬರಹ ಇಂಗ್ಲಿಷಿನಲ್ಲಿ ಮಾತ್ರ.

ಮೊದಲನೇ ಮಹಾಯುದ್ಧ ಕಾಲದಲ್ಲಿ ಈ ಭಾಷೆಗೆ ಪೆಟ್ಟು ಬಿತ್ತು ಎಂದು ಎಲ್ಲರೂ ಹೇಳುತ್ತಾರೆ. ಬಿದ್ದದ್ದು ಹೌದು. ಅಮೆರಿಕದ ಅಯೋವಾ ರಾಜ್ಯದ ಗವರ್ನರ್ ವಿಲಿಯಂ ಹಾರ್ಡಿಂಗ್ 1918ರ ಮೇ ತಿಂಗಳಲ್ಲಿ ಶಾಲೆ, ಚರ್ಚು, ರೈಲು, ಕೊನೆಗೆ ಟೆಲಿಫೋನಿನಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಕೂಡದು ಎಂದು ಫರ್ಮಾನು ಹೊರಡಿಸಿದ. ಅದು ಆ ವರ್ಷದ ಕೊನೆಗೇ ರದ್ದಾಯಿತು. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಪೆಟ್ಟು 1924ರ ವಲಸೆ ಕಾನೂನಿನದು, ಏಕೆಂದರೆ ಹೊಸಬರ ಬರವು ಅಲ್ಲಿಗೆ ಬತ್ತಿತು. ನಾರ್ವೆ ಮೂಲದವರ ಲುಥೆರನ್ ಚರ್ಚು ತಾನಾಗಿಯೇ ಇಂಗ್ಲಿಷಿಗೆ ಹೊರಳಿ 1946ರಲ್ಲಿ ಹೆಸರಿನಿಂದ ‘ನಾರ್ವೇಜಿಯನ್’ ಎಂಬುದನ್ನೂ ತೆಗೆಯಿತು. ಡೆಕೊರಾ-ಪೋಸ್ಟೆನ್ ಎಂಬ ನಾರ್ವೇಜಿಯನ್ ಪತ್ರಿಕೆ 1972ರಲ್ಲಿ ನಿಂತಿತು. 2000ದ ಜನಗಣತಿಯಲ್ಲಿ ತಮ್ಮದು ನಾರ್ವೆ ಮೂಲ ಎಂದವರು ಸುಮಾರು 45 ಲಕ್ಷ, ಮನೆಯಲ್ಲಿ ಆ ಭಾಷೆ ಆಡುತ್ತೇವೆ ಎಂದವರು ಸುಮಾರು 55 ಸಾವಿರ. ಲುಟೆಫಿಸ್ಕ್ ಎಂಬ ಮೀನಿನೂಟ, ಲೆಫ್ಸೆ ಎಂಬ ತೆಳು ರೊಟ್ಟಿ, ನಾರ್ವೆಯ ರಾಷ್ಟ್ರೀಯ ದಿನವಾದ ಮೇ 17ರ ಮೆರವಣಿಗೆ ಯಾವುದೂ ನಿಲ್ಲಲಿಲ್ಲ. ಅವು ನಡೆಯಲು ಭಾಷೆ ಬೇಕಿರಲಿಲ್ಲ. ಮಗನನ್ನು ಮೆರವಣಿಗೆಗೆ ಧಾರಾಳವಾಗಿ ಕರೆದುಕೊಂಡು ಹೋಗು, ಆದರೆ ಅದನ್ನು ಭಾಷೆಯ ಲೆಕ್ಕಕ್ಕೆ ಬರೆಯಬೇಡ.

ಈಗ ಅಜ್ಜನ ಮಾತು. ಇದು ಕಾಯುವ ಕೆಲಸವಲ್ಲ, ಮುಂದಿನ ಸಲ ವೆಸ್ಟ್‌ಬಿಗೆ ಹೋದಾಗಲೇ ಶುರುವಾಗಲಿ. ಫೋನು ಸಾಕು, ಆದರೆ ಬಟ್ಟೆಗೆ ಸಿಕ್ಕಿಸುವ ಒಂದು ಮೈಕು ಕೊಂಡುಕೋ. ಬಾಯಿಯಿಂದ ಒಂದು ಗೇಣು ಕೆಳಗೆ ಸಿಕ್ಕಿಸಿದರೆ ಸರಿಹೋಗುತ್ತದೆ. ಧ್ವನಿಯನ್ನು ವೇವ್ ಕಡತವಾಗಿ ಉಳಿಸು, ಕುಗ್ಗಿಸಿದ ಕಡತ ಬೇಡ. ಅಡುಗೆಮನೆಯಲ್ಲಿ ಕೂತರೆ ಫ್ರಿಜ್ಜಿನ ಗುಂಯ್ ಎನ್ನುವ ಸದ್ದು ಉದ್ದಕ್ಕೂ ಸೇರುತ್ತದೆ. ನೆಲಕ್ಕೆ ಕಂಬಳಿ ಹಾಸಿದ ಕೋಣೆ ಒಳ್ಳೆಯದು. ಗೋಡೆ ಗಡಿಯಾರವಿದ್ದರೆ ಹೊರಗಿಡು. ಬೆಳಗಿನ ಹೊತ್ತು, ಒಂದು ಸಲಕ್ಕೆ 40 ನಿಮಿಷಕ್ಕಿಂತ ಹೆಚ್ಚು ಬೇಡ. ಎಷ್ಟೋ ವರ್ಷ ಆಡದ ಮಾತು ಮೊದಲ ದಿನ ತಡವರಿಸುತ್ತದೆ, ಎರಡನೇ ದಿನ ಹರಿಯುತ್ತದೆ. ಅದಕ್ಕೇ ಎರಡು ದಿನ ಉಳಿಯುವ ಹಾಗೆ ಹೋಗು. ಏನು ಮಾಡುತ್ತಿದ್ದೀರಿ, ಯಾರಿಗೆ ಕೇಳಿಸುತ್ತೀರಿ ಎಂದು ಮೊದಲೇ ಹೇಳಿ ಅವರ ಒಪ್ಪಿಗೆಯನ್ನೂ ಧ್ವನಿಯಲ್ಲೇ ಹಿಡಿ.

ಎಲ್ಲರೂ ಎಡವುವುದು ಪ್ರಶ್ನೆ ಕೇಳುವಲ್ಲಿ. ‘ಇದಕ್ಕೆ ನಾರ್ವೇಜಿಯನ್‌ನಲ್ಲಿ ಏನಂತಾರೆ’ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಬರುವುದು ಬಿಡಿ ಪದ, ಇಲ್ಲವೇ ಇಂಗ್ಲಿಷ್ ವಾಕ್ಯದ ನೆರಳು. ಪ್ರಶ್ನೆ ಇಂಗ್ಲಿಷಿನದಾದರೆ ಉತ್ತರವೂ ಎರಡೇ ನಿಮಿಷದಲ್ಲಿ ಇಂಗ್ಲಿಷಿಗೆ ಜಾರುತ್ತದೆ. ಎದುರಿಗೆ ಆ ಭಾಷೆ ಬಲ್ಲ ಇನ್ನೊಬ್ಬರಿರಬೇಕು. ನೆರೆಯ ಮುದುಕರೊಬ್ಬರಾದರೂ ಆದೀತು, ಇಬ್ಬರು ಹಳಬರು ಕೂತರೆ ಇನ್ನೂ ಒಳ್ಳೆಯದು, ನೀವು ಸುಮ್ಮನೆ ಹೊರಗೆ ಹೋಗಿಬಿಡಿ. ವಿಷಯ ಕೆಲಸದ್ದಿರಲಿ. ಆ ಸೀಮೆಯ ನಾರ್ವೆ ಮೂಲದ ರೈತರು ಹೊಗೆಸೊಪ್ಪು ಬೆಳೆಯುತ್ತಿದ್ದರು. ಸಸಿ ನೆಡುವುದು, ಎಲೆ ಕೊಯ್ದು ಕೊಟ್ಟಿಗೆಯಲ್ಲಿ ತೂಗುಹಾಕಿ ಒಣಗಿಸುವುದು, ಹಾಲು ಕರೆಯುವುದು, ಹಿಮ ಬಿದ್ದಾಗ ಶಾಲೆಗೆ ಹೋಗುತ್ತಿದ್ದ ಬಗೆ, ಇವೆಲ್ಲ ಬಾಯಿ ಬಿಡಿಸುತ್ತವೆ. ಹಳೆಯ ಫೋಟೋ ಮುಂದಿಟ್ಟರೆ ಮಾತು ತಾನೇ ಹೊರಡುತ್ತದೆ.

ನಡುವೆ ‘ಕ್ರಿಕ್ಕೆನ್’ ಎಂದು ಹಳ್ಳಕ್ಕೂ ‘ಫೆನ್ಸ್’ ಎಂದು ಬೇಲಿಗೂ ಹೇಳಿದರೆ ತಿದ್ದಬೇಡ. ಅವು ಇಂಗ್ಲಿಷಿನಿಂದ ಬಂದು, ನಾರ್ವೇಜಿಯನ್ ಪ್ರತ್ಯಯ ಹೊತ್ತು, ನೂರು ವರ್ಷದಿಂದ ಆ ಮಾತಿನಲ್ಲಿ ಒಕ್ಕಲಾಗಿರುವ ಪದಗಳು. ಓಸ್ಲೋದಿಂದ ಬಂದ ನೆಂಟರು ನಕ್ಕದ್ದರಿಂದಲೇ ಎಷ್ಟೋ ಹಿರಿಯರು ಬಾಯಿ ಮುಚ್ಚಿದ್ದಾರೆ. ಗುಡ್‌ಬ್ರಾನ್ಸ್‌ಡಾಲ್ ಮಾತಿನಲ್ಲಿ ಹಳೆಯ ಚತುರ್ಥಿ ವಿಭಕ್ತಿಯ ರೂಪಗಳಿವೆ, ಇಂದು ನಾರ್ವೆಯಲ್ಲಿ ಹೆಚ್ಚು ಬಳಕೆಯಲ್ಲಿರುವ ಬೂಕ್‌ಮೋಲ್ ಎಂಬ ಬರಹರೂಪದಲ್ಲಿ ಅವಿಲ್ಲ. ವ್ಯಾಕರಣ ಪುಸ್ತಕ ಹಿಡಿದು ಕೂತವನಿಗೆ ಅದು ತಪ್ಪಿನಂತೆ ಕಾಣುತ್ತದೆ. ತಪ್ಪಲ್ಲ, ಇನ್ನೂ ಹಳೆಯದು, ಅಷ್ಟೇ.

ಕಡತದ ಹೆಸರಿನಲ್ಲಿ ವರ್ಷ, ತಿಂಗಳು, ದಿನ, ಊರು ಇರಲಿ. ಮೂರು ಪ್ರತಿ ಮಾಡು, ಒಂದು ಬೇರೆ ಊರಿನಲ್ಲಿರಲಿ. ಯಾರು, ಎಲ್ಲಿ, ಏನು ಮಾತಾಡಿದರು ಎಂದು ಹತ್ತು ಸಾಲು ಅದೇ ರಾತ್ರಿ ಬರೆದಿಡು, ವಾರ ಕಳೆದರೆ ಯಾವ ಅತ್ತೆಯ ಯಾವ ಹೊಲ ಎಂಬುದು ಮರೆತಿರುತ್ತದೆ. ಭಾಷಾಶಾಸ್ತ್ರಜ್ಞ ಐನಾರ್ ಹೌಗೆನ್ ಈ ಮಾತನ್ನು ವಿಸ್ಕಾನ್ಸಿನ್‌ನಲ್ಲಿ ದಾಖಲಿಸಿ 1953ರಲ್ಲಿ ಎರಡು ಸಂಪುಟ ತಂದ, ಇಂದಿಗೂ ಅದೇ ಅಡಿಪಾಯ. ಆಮೇಲೆ ಓಸ್ಲೋ ವಿಶ್ವವಿದ್ಯಾಲಯದ ಯಾನ್ನೆ ಬೊಂಡಿ ಯೊಹಾನ್ನೆಸ್ಸೆನ್ ಮತ್ತು ಜೊತೆಗಾರರು 2010ರಿಂದ ಊರೂರು ಸುತ್ತಿ ಕಟ್ಟಿದ ಧ್ವನಿಸಂಗ್ರಹದಲ್ಲಿ ವೆಸ್ಟ್‌ಬಿ, ಕೂನ್ ವ್ಯಾಲಿಗಳ ಮಾತೂ ಇದೆ. ಅಜ್ಜನ ಬಳಿ ಹೋಗುವ ಮುನ್ನ ನಿನ್ನ ಗಂಡ ಅದನ್ನು ಒಂದಷ್ಟು ಕೇಳಿಕೊಳ್ಳಲಿ, ಕಿವಿ ಪಳಗುತ್ತದೆ.

ಮನೆಯಲ್ಲಿ ಹಳೆಯ ಕಾಗದಗಳಿದ್ದರೆ ಕೈಬರಹ ಗೋಥಿಕ್ ಲಿಪಿಯದಿರಬಹುದು, ಇಂದಿನ ನಾರ್ವೆಯವರಿಗೂ ಓದಲು ಬಾರದು. ಸ್ಕ್ಯಾನ್ ಮಾಡಿಟ್ಟುಕೋ, ಓದಿಸಲು ಮ್ಯಾಡಿಸನ್‌ನ ನಾರ್ವೇಜಿಯನ್ ಅಮೆರಿಕನ್ ವಂಶಾವಳಿ ಕೇಂದ್ರವನ್ನು ಕೇಳು. ಪೂರ್ವಿಕರ ಊರು ಗೊತ್ತಿಲ್ಲದಿದ್ದರೆ ನಾರ್ವೆಯ ದಾಖಲೆ ಭಂಡಾರದ ಡಿಜಿಟಾಲಾರ್ಕಿವೆಟ್ ತಾಣದಲ್ಲಿ ಹಳೆಯ ಚರ್ಚು ದಾಖಲೆಗಳು ಉಚಿತವಾಗಿ ಸಿಗುತ್ತವೆ.

ಇನ್ನು ಮಗುವಿನ ಭಾಷೆ. ಅದು ಇಂದಿನ ನಾರ್ವೆಯ ಬೂಕ್‌ಮೋಲ್ ಆಗಿರಲಿ. ಪಾಠ, ಪುಸ್ತಕ, ಶಿಬಿರ ಹೆಚ್ಚಿನವು ಅದರಲ್ಲೇ ಸಿಗುವುದು. ಅಜ್ಜನ ಮನೆತನ ಸೋಗ್ನ್‌ನಂಥ ಪಶ್ಚಿಮ ಸೀಮೆಯದಾಗಿದ್ದರೆ ನಾರ್ವೆಯ ಇನ್ನೊಂದು ಬರಹರೂಪವಾದ ನೀನೊಶ್ಕ್ ಅವರ ಮಾತಿಗೆ ಹತ್ತಿರ ಎಂದು ಯಾರಾದರೂ ಹೇಳಿಯಾರು. ನಿಜವೇ, ಆದರೆ ಆರು ವರ್ಷದವನಿಗೆ ಎರಡು ಬರಹ ತೋರಿಸಬೇಡ. ದೊಡ್ಡವನಾದ ಮೇಲೆ ತಾನೇ ಓದಿಕೊಳ್ಳುತ್ತಾನೆ.

ಯಾರು ಆಡಬೇಕು? ನೀನಲ್ಲ. ನೀನು ಮಗನ ಜೊತೆ ಕನ್ನಡವನ್ನೇ ಆಡು, ಅದನ್ನು ಕಡಿಮೆ ಮಾಡಿ ಹರಕು ನಾರ್ವೇಜಿಯನ್ ಸೇರಿಸಿದರೆ ಎರಡೂ ಕೈಬಿಟ್ಟು ಹೋಗುತ್ತವೆ. ನಿನ್ನ ಗಂಡನೂ ಸದ್ಯ ದಿನವಿಡೀ ನಾರ್ವೇಜಿಯನ್ ಆಡುವ ಹಟ ಹಿಡಿಯುವುದು ಬೇಡ. ಬಾರದ ಭಾಷೆಯಲ್ಲಿ ಅಪ್ಪ ಮಾತಾಡಿದರೆ ಹೇಳುವ ವಿಷಯವೇ ಬಡವಾಗುತ್ತದೆ, ಮಗುವಿಗೆ ಅದು ಬೇಗ ತಿಳಿಯುತ್ತದೆ. ಅವನದು ದಿನಕ್ಕೆ ಇಪ್ಪತ್ತು ನಿಮಿಷದ ಕೆಲಸ: ಮಲಗುವ ಮುನ್ನ ಗಟ್ಟಿಯಾಗಿ ಓದುವುದು, ಒಂದೇ ಪುಸ್ತಕ ಹತ್ತು ಸಲವಾದರೂ ಚಿಂತೆಯಿಲ್ಲ, ಮತ್ತೆ ಸ್ನಾನ, ಬಟ್ಟೆ, ಬೂಟು ಇಷ್ಟರ ಮಾತು. ತಾನು ಕಲಿಯಲು ಟ್ರೊಂಡ್‌ಹೈಮ್‌ನ ಎನ್‌ಟಿಎನ್‌ಯು ವಿಶ್ವವಿದ್ಯಾಲಯದ ಉಚಿತ ಆನ್‌ಲೈನ್ ಪಾಠ ಮೊದಲು ಮುಗಿಸಲಿ. ಫೋನಿನ ಡ್ಯುವೊಲಿಂಗೊ ಆ್ಯಪ್ ಪದಕ್ಕೆ ಸರಿ, ಕಿವಿಗೆ ಸಾಲದು. ಪದ ನೋಡಲು ಬೂಕ್‌ಮೋಲ್, ನೀನೊಶ್ಕ್ ಎರಡರ ನಿಘಂಟೂ ಓರ್ಡ್‌ಬೋಕೆನೆ ತಾಣದಲ್ಲಿ ಉಚಿತ. ನಾರ್ವೆಯ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆಯ ಮಕ್ಕಳ ಕಾರ್ಯಕ್ರಮಗಳಲ್ಲಿ ಕೆಲವು ನಾರ್ವೆಯ ಹೊರಗೆ ತೆರೆಯುವುದಿಲ್ಲ, ರೇಡಿಯೊಗೆ ಅಷ್ಟು ತೊಂದರೆಯಿಲ್ಲ.

ಗಂಟೆಯ ಲೆಕ್ಕದಲ್ಲಿ ನಿನ್ನನ್ನು ನೀನೇ ಮೋಸಗೊಳಿಸಿಕೊಳ್ಳಬೇಡ. ಎಚ್ಚರವಿರುವ ಹೊತ್ತಿನ ಐದನೇ ಒಂದು ಪಾಲಾದರೂ ಒಂದು ಭಾಷೆ ಕಿವಿಗೆ ಬೀಳದಿದ್ದರೆ ಮಗು ಅದನ್ನು ತಾನಾಗಿ ಆಡುವುದು ಕಷ್ಟ. ದಿನಕ್ಕೆ 12 ಗಂಟೆ ಎಂದರೆ ವಾರಕ್ಕೆ ಸುಮಾರು 17 ಗಂಟೆ. ನಿಮ್ಮ ಮನೆಯಲ್ಲಿ ಅದು ಆಗದ ಮಾತು. ವಾರಕ್ಕೆ ನಾಲ್ಕೈದು ಗಂಟೆ ಗಟ್ಟಿಯಾಗಿ ನಡೆದರೆ ಅರ್ಥವಾಗುವುದು, ಉಚ್ಚಾರ ಕೂರುವುದು, ನೂರಿನ್ನೂರು ವಾಕ್ಯ ನಾಲಗೆಗೆ ಹತ್ತುವುದು, ಇಷ್ಟು ಆಗುತ್ತದೆ. ಮುಂದೆ ಆಡುಮಾತಾಗಲು ಬೇಸಿಗೆ ಶಿಬಿರ ಬೇಕು. ಕಾಂಕೋರ್ಡಿಯಾ ಭಾಷಾಗ್ರಾಮಗಳ ಪೈಕಿ ನಾರ್ವೇಜಿಯನ್ನಿನದು ಸ್ಕೂಗ್‌ಫ್ಯೋರ್ಡೆನ್, ಮಿನ್ನೆಸೋಟದ ಬೆಮಿಡ್ಜಿ ಬಳಿ ಇದೆ, 1963ರಿಂದ ನಡೆಯುತ್ತಿದೆ. ಊಟ, ಈಜು, ಅಂಗಡಿ ಎಲ್ಲ ಅಲ್ಲಿ ಆ ಭಾಷೆಯಲ್ಲೇ. ಎಂಟು ವರ್ಷ ತುಂಬಿದ ಮೇಲೆ ಕಳಿಸು, ಒಂದು ವಾರದ್ದಕ್ಕಿಂತ ಎರಡು ವಾರದ್ದು ಮೇಲು, ಏಕೆಂದರೆ ಮೊದಲ ವಾರ ಮನೆ ನೆನಪಿನಲ್ಲೇ ಹೋಗುತ್ತದೆ. ಅಲ್ಲಿಯವರೆಗೆ ಮಿನಿಯಾಪೊಲಿಸ್‌ನಲ್ಲೇ ಮಿಂಡೆಕಿರ್ಕೆನ್ ಇದೆ. 1922ರಲ್ಲಿ ಹುಟ್ಟಿದ ಚರ್ಚು, ನಾರ್ವೇಜಿಯನ್ ಪ್ರಾರ್ಥನೆ ಬಿಟ್ಟಿಲ್ಲ, ಭಾಷಾ ತರಗತಿಗಳೂ ಉಂಟು. ನಿನಗೆ ಪ್ರಾರ್ಥನೆ ಬೇಡವಾದರೆ ತರಗತಿಗೆ ಹೋಗಲು ಏನಡ್ಡಿ?

ಉಚ್ಚಾರದಲ್ಲಿ ಮಾತ್ರ ನೀನು ಗಂಡನಿಗಿಂತ ಮುಂದಿದ್ದೀಯ, ಅದನ್ನು ಉಪಯೋಗಿಸಿಕೋ. ಪೂರ್ವ ನಾರ್ವೆಯ ಮಾತಿನಲ್ಲಿ ‘ರ್’ ಜೊತೆ ತ, ದ, ನ, ಲ, ಸ ಬಂದರೆ ಎರಡೂ ಕೂಡಿ ನಮ್ಮ ಟ, ಡ, ಣ, ಳ, ಷ ಆಗುತ್ತವೆ. ಮಗು ಎಂಬ ಪದದ ಬರಹದಲ್ಲಿ ರ್, ನ್ ಎರಡೂ ಇವೆ, ಬಾಯಲ್ಲಿ ಅದು ‘ಬಾಣ್’. ‘ನಾರ್ವೇಜಿಯನ್’ ಎಂಬುದು ಅವರ ಬಾಯಲ್ಲಿ ‘ನೊಷ್ಕ್’. ಅಮೆರಿಕದಲ್ಲಿ ಬೆಳೆದವರು ಇಲ್ಲಿ ಇಂಗ್ಲಿಷ್ ‘ರ್’ ಎಳೆದು ಕೆಡಿಸುತ್ತಾರೆ. ಹಾಗೇ ಒತ್ತಕ್ಷರ: ‘ತಾಕ್’ ಎಂದರೆ ಛಾವಣಿ, ‘ತಕ್ಕ್’ ಎಂದರೆ ಧನ್ಯವಾದ. ನಿನ್ನ ಮಗನ ಕಿವಿ ಕನ್ನಡದಿಂದ ಇದಕ್ಕೆ ಆಗಲೇ ತಯಾರಾಗಿದೆ. ‘ಈ’ ಎನ್ನುತ್ತಾ ತುಟಿ ಮುಂದೆ ಚಾಚಿ ಹೇಳುವ ಸ್ವರ ಮಾತ್ರ ನಮಗೂ ಹೊಸದು, ಕನ್ನಡಿ ಮುಂದೆ ಕೂರಿಸಿ ಆಡಿಸು. ವಾಕ್ಯದಲ್ಲಿ ಒಂದು ನಿಯಮ ಕಿವಿಗೆ ಬೀಳಲಿ: ಸಾಮಾನ್ಯ ಹೇಳಿಕೆಯಲ್ಲಿ ಕ್ರಿಯಾಪದ ಎರಡನೇ ಜಾಗದಲ್ಲಿ. ‘ಇಂದು ಬರುತ್ತಾನೆ ಅವನು’ ಎಂಬ ಕ್ರಮ. ಹುಡುಗ ಇಂಗ್ಲಿಷಿನ ಹಾಗೆ ‘ಇಂದು ಅವನು ಬರುತ್ತಾನೆ’ ಎಂದರೆ ತಪ್ಪು ಎನ್ನಬೇಡ, ಅದೇ ವಾಕ್ಯವನ್ನು ಸರಿಯಾಗಿ ತಿರುಗಿ ಹೇಳಿ ಮುಂದೆ ಹೋಗು.

ಎರಡು ಕೆಲಸವೂ ಕೂಡುವ ಜಾಗ ಒಂದೇ, ಅಜ್ಜನ ಫೋನು. ಭಾನುವಾರ ಗೊತ್ತಾದ ಹೊತ್ತಿಗೆ, ಹತ್ತು ನಿಮಿಷ, ಮುಖ ಕಾಣುವ ಕರೆ. ಹುಡುಗ ಮೂರು ಪ್ರಶ್ನೆ ಕೇಳಲಿ: ಹವೆ ಹೇಗಿದೆ, ಏನು ಊಟ, ಅಂಗಳಕ್ಕೆ ಎಷ್ಟು ಹಕ್ಕಿ ಬಂದವು. ಪ್ರತಿ ವಾರ ಅವೇ ಪ್ರಶ್ನೆ, ಉತ್ತರ ಮಾತ್ರ ಬೇರೆ. ಇಲ್ಲಿ ಎರಡು ಗೊಂದಲ ಬಂದೇ ಬರುತ್ತವೆ. ಅಜ್ಜ ‘ಇಲ್ಲ’ ಎನ್ನಲು ಪುಸ್ತಕದ ‘ಇಕ್ಕೆ’ ಬಿಟ್ಟು ‘ಇತ್ತೆ’ ಎಂದಾರು. ಇಪ್ಪತ್ತೊಂದನ್ನು ಹಳೆಯ ಕ್ರಮದಲ್ಲಿ ‘ಒಂದು ಮತ್ತು ಇಪ್ಪತ್ತು’ ಎಂದಾರು. ನಾರ್ವೆಯಲ್ಲಿ ಹತ್ತನ್ನು ಮುಂದಿಟ್ಟು ಎಣಿಸುವ ಕ್ರಮ ಬಂದದ್ದು 1951ರಲ್ಲಿ, ಇವರ ಹಿರಿಯರು ಆಗಲೇ ಅಮೆರಿಕದಲ್ಲಿದ್ದರು. ಇದನ್ನು ಹುಡುಗನಿಗೆ ಮೊದಲೇ ಹೇಳಿಡು: ಅಜ್ಜ ಹೀಗೆ ಎಣಿಸುತ್ತಾರೆ, ಶಿಬಿರದಲ್ಲಿ ಹಾಗೆ ಎಣಿಸುತ್ತಾರೆ. ಮಕ್ಕಳಿಗೆ ಇದು ಕಷ್ಟವಲ್ಲ, ದೊಡ್ಡವರು ನಡುವೆ ಬಂದು ತಿದ್ದಿದಾಗ ಕಷ್ಟವಾಗುತ್ತದೆ. ಅಜ್ಜನಿಗೆ ಕಿವಿ ಮಂದವಾದರೆ ಫೋನಿನ ಜೊತೆ ಹುಡುಗ ಬರೆದ ಚಿತ್ರವೊಂದನ್ನು ಹಿಂದಿನ ವಾರವೇ ಅಂಚೆಗೆ ಹಾಕು, ಇಬ್ಬರ ಕೈಲೂ ಅದೇ ಚಿತ್ರವಿದ್ದರೆ ಅರ್ಧ ಕೇಳಿಸದಿದ್ದರೂ ಮಾತು ಸಾಗುತ್ತದೆ.

ಹನ್ನೆರಡು, ಹದಿಮೂರರಲ್ಲಿ ಹುಡುಗ ಒಲ್ಲೆ ಎನ್ನುತ್ತಾನೆ. ಆಗ ಮನೆಪಾಠ ನಿಲ್ಲಿಸು, ಶಿಬಿರ ನಿಲ್ಲಿಸಬೇಡ. ಅಲ್ಲಿ ವಾರಿಗೆಯವರಿರುತ್ತಾರೆ. ಹೈಸ್ಕೂಲಿಗೆ ಬಂದಾಗ ಸ್ಕೂಗ್‌ಫ್ಯೋರ್ಡೆನ್‌ನ ನಾಲ್ಕು ವಾರದ ಶಿಬಿರಕ್ಕೆ ಶಾಲೆಯ ಕ್ರೆಡಿಟ್ಟೂ ಸಿಗುತ್ತದೆ. ಆಮೇಲೆ ಬೇಕೆನಿಸಿದರೆ ನಾರ್ತ್‌ಫೀಲ್ಡ್‌ನ ಸೇಂಟ್ ಓಲಾಫ್ ಕಾಲೇಜು ಉಂಟು, 1947ರಿಂದ ನಡೆದುಬಂದಿರುವ ಓಸ್ಲೋದ ಅಂತರರಾಷ್ಟ್ರೀಯ ಬೇಸಿಗೆ ಶಾಲೆ ಉಂಟು. ನಾರ್ವೆಯಲ್ಲಿ ಓದು ಪುಕ್ಕಟೆ ಎಂದು ಯಾರೋ ಹೇಳಿದರು ಅಂತ ಬರೆದಿದ್ದೀಯ. 2023ರಿಂದ ಯುರೋಪಿನ ಹೊರಗಿನವರಿಗೆ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳೂ ಶುಲ್ಕ ಹಾಕುತ್ತಿವೆ, ಆ ಲೆಕ್ಕ ಈಗಲೇ ಬಿಟ್ಟುಬಿಡು.

ಮೈಕು ಈ ವಾರ ಕೊಂಡುಕೋ. ಮೊದಲು ಮನೆಯಲ್ಲೇ ನಿನ್ನ ಗಂಡನನ್ನು ಕೂರಿಸಿ ಹತ್ತು ನಿಮಿಷ ಹಿಡಿದು ನೋಡು, ಅಂಗಿಗೆ ಉಜ್ಜುವ ಸದ್ದು ಬಂದರೆ ಕ್ಲಿಪ್ಪನ್ನು ಕಾಲರಿನ ಅಂಚಿಗೆ ಬದಲಿಸು. ವೆಸ್ಟ್‌ಬಿಗೆ ಹೊರಡುವ ದಿನ ಚಾರ್ಜರ್ ಮರೆಯಬೇಡ.

ಇತಿ ಆಶೀರ್ವಾದಗಳೊಂದಿಗೆ,
ದೊಡ್ಡಪ್ಪ